ಬರೆಯದೆ ಬಿಟ್ಟದ್ದನ್ನು ಓದುತ್ತಿದ್ದವರು

ಕಳೆದ ತಿಂಗಳು ಒಂದು ಶುಕ್ರವಾರ ಜುಮಾ ನಮಾಜು ಮುಗಿಸಿ ಮಸೀದಿಯ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಕಿಸೆಯಲ್ಲಿ ಫೋನು ಅದುರಿತು. ಸೌದಿಯ ದಮ್ಮಾಮಿನಲ್ಲಿರುವ ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪಿಗೆ ಯಾರೋ ಒಂದು ಹಳೆಯ ಫೋಟೋ ಹಾಕಿದ್ದರು. ಬಿಳಿ ಅರೆತೋಳಿನ ಅಂಗಿ, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಕ್ಯಾಮೆರಾದ ಕಡೆ ನೋಡದೆ ಎಲ್ಲೋ ಪಕ್ಕಕ್ಕೆ ನೋಡುತ್ತಿರುವ ಮುಖ. ಹಿಂದಿನ ದಿನ ಊರಿನಲ್ಲಿ ತೀರಿಕೊಂಡರಂತೆ. ಒಬ್ಬರ ಹಿಂದೆ ಒಬ್ಬರು ಸಂತಾಪ ಬರೆಯುತ್ತಿದ್ದರು. ನನಗೆ ಬೆರಳು ಏಳಲಿಲ್ಲ. ಆ ಮುಖ ಕಂಡಾಗ ಮೊದಲು ಬಂದದ್ದು ದುಃಖವಲ್ಲ, ಹೆದರಿಕೆ. ಏಳು ವರ್ಷದ ಹಿಂದಿನ ಹೆದರಿಕೆ ಹಾಗೆಯೇ ಇತ್ತು.

ನಾವು ಅವರನ್ನು ಪೊರ್ಬುಗಳು ಎನ್ನುತ್ತಿದ್ದೆವು. ದಕ್ಷಿಣ ಕನ್ನಡದಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಹಾಗೆ ಕರೆಯುವುದು ವಾಡಿಕೆ. ದಮ್ಮಾಮಿನ ಹೊರವಲಯದ ಒಂದು ಯಾರ್ಡಿನಲ್ಲಿ, ಎಣ್ಣೆ ಕಂಪನಿಗಳ ಟ್ಯಾಂಕು, ಪೈಪುಗಳನ್ನು ತೊಳೆದು ರಿಪೇರಿ ಮಾಡಿಕೊಡುವ ಸಂಸ್ಥೆಯಲ್ಲಿ, ಅವರು ದಾಖಲೆ ವಿಭಾಗದ ಮುಖ್ಯಸ್ಥರು. ವಿಭಾಗ ಎಂದರೆ ಒಂದು ತಗಡಿನ ಕ್ಯಾಬಿನ್, ಅದರೊಳಗೆ ಅವರು ಮತ್ತು ನಾನು. ನಾನು ಬಂಟ್ವಾಳದ ಕಡೆಯ ಬ್ಯಾರಿ. ಕೆಲಸಕ್ಕೆ ಸೇರಿದಾಗ ಮೂವತ್ತರ ಹತ್ತಿರ. ಅವರಿಗೆ ಆಗಲೇ ಅರುವತ್ತು ಸಮೀಪಿಸಿತ್ತು.

ಅವರಷ್ಟು ಹೆದರುವ ಮನುಷ್ಯನನ್ನು ನಾನು ನೋಡಿಲ್ಲ. ಆ ದೇಶದಲ್ಲಿ ವಾಸಿಸಲು ಕೊಡುವ ಪರವಾನಗಿಯಾದ ಇಕಾಮಾ ಕಾರ್ಡು ಎದೆಯ ಕಿಸೆಯಲ್ಲಿ, ಅದರ ಪ್ರತಿ ಪ್ಯಾಂಟಿನ ಕಿಸೆಯಲ್ಲಿ, ಇನ್ನೊಂದು ಪ್ರತಿ ಟಿಫಿನ್ ಚೀಲದಲ್ಲಿ. ರಸ್ತೆ ದಾಟಬೇಕಾದರೆ ಸಿಗ್ನಲ್ ಹಸಿರಾದ ಮೇಲೂ ಬೇರೆ ಯಾರಾದರೂ ಮೊದಲು ಇಳಿಯಲಿ ಎಂದು ಕಾಯುತ್ತಿದ್ದರು. ಮ್ಯಾನೇಜರರ ಕಚೇರಿಯಿಂದ ಫೋನ್ ಬಂದರೆ ಎದ್ದು ನಿಂತೇ ಮಾತಾಡುತ್ತಿದ್ದರು. ಎಸಿ ಯಂತ್ರ ತನ್ನಷ್ಟಕ್ಕೆ ನಿಂತರೂ ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದರು.

ಸೇರಿದ ಎರಡನೆಯ ವಾರವೋ ಏನೋ, ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಡ್ರಾಯರಿನಿಂದ ನೂರು ಪುಟದ ಒಂದು ನೋಟ್‌ಬುಕ್ ತೆಗೆದು ಬರೆಯತೊಡಗಿದರು. ಪಕ್ಕದಲ್ಲಿ ಮಾಸಿದ ಜೆರಾಕ್ಸ್ ಹಾಳೆಗಳ ಕಟ್ಟು. ಇಣುಕಿ ನೋಡಿದೆ. ಹಾಳೆಯಲ್ಲಿದ್ದದ್ದು ಇಂಗ್ಲಿಷ್ ಅಲ್ಲ. ನೋಟ್‌ಬುಕ್ಕಿನಲ್ಲಿ ಮಾತ್ರ ಕನ್ನಡ.

"ಎಂತ ಅದು ಪೊರ್ಬುಗಳೇ?"

ಅವರು ಬಾಗಿಲು ನೋಡಿದರು. ಆಮೇಲೆ ದನಿ ತಗ್ಗಿಸಿ, "ಪೋಲೆಂಡ್ ಅಂತ ದೇಶ ಉಂಟಲ್ಲ ಮಾರಾಯ, ಅದರ ಚರಿತ್ರೆ. ಮೊಟ್ಟಮೊದಲು ಬರೆದದ್ದು, ಕನ್ನಡಕ್ಕೆ ಮಾಡ್ತಾ ಇದ್ದೇನೆ. ಒಂಬೈನೂರು ವರ್ಷ ಆಯ್ತು" ಎಂದರು.

ಒಂಬೈನೂರು ವರ್ಷದ ಹಿಂದಿನ ರಾಜರ ಬಗ್ಗೆ ಹೇಳುವಾಗಲೂ ಬಾಗಿಲು ನೋಡುವ ಮನುಷ್ಯ ಎಂದು ನನಗೆ ನಗು ಬಂತು. ಆಗ ನಗುವಷ್ಟು ಧೈರ್ಯ ನನ್ನಲ್ಲಿತ್ತು.

ಅವರ ಕತೆ ನನಗೆ ತಿಳಿದದ್ದು ಹೀಗೆ ಊಟದ ಹೊತ್ತುಗಳಲ್ಲಿ, ತುಂಡು ತುಂಡಾಗಿ. ಹದಿಹರೆಯದಲ್ಲಿ ಪಾದ್ರಿಯಾಗಲು ಮಂಗಳೂರಿನ ಸೆಮಿನರಿ ಸೇರಿದವರು. ಲ್ಯಾಟಿನ್ ಚೆನ್ನಾಗಿ ಬರುತ್ತದೆಂದು ಅಲ್ಲಿಯ ಹಿರಿಯರು ಅವರನ್ನು ಮುಂದಿನ ಓದಿಗೆ ಪೋಲೆಂಡಿನ ಕ್ರಾಕೋವಿಗೆ ಕಳಿಸಿದರು. ಆರು ಚಳಿಗಾಲ ಅಲ್ಲಿದ್ದು ಆ ದೇಶದ ಹಳೆಯ ಚರಿತ್ರೆಕಾರರ ಮೇಲೆ ಪ್ರಬಂಧ ಬರೆದರು. ಪದವಿ ಮಾತ್ರ ಸಿಗಲಿಲ್ಲ. ಊರಿಗೆ ಬಂದು ಸೆಮಿನರಿ ಬಿಟ್ಟು, ತಡವಾಗಿ ಮದುವೆಯಾಗಿ, ಗಲ್ಫಿಗೆ ಬಂದರು. ಹೆಂಡತಿ ಮಂಗಳೂರಿನಲ್ಲಿ ಶಾಲೆಯ ಟೀಚರ್. ಮಕ್ಕಳಿಲ್ಲ.

ಮೊದಲ ಚರಿತ್ರೆ ಬರೆದವನು ಆ ದೇಶದವನೇ ಅಲ್ಲವಂತೆ. ಎಲ್ಲಿಂದಲೋ ಬಂದ ಒಬ್ಬ ಸನ್ಯಾಸಿ. ಅರಮನೆಯಲ್ಲಿ ಆಶ್ರಯ ಪಡೆದು, ಲ್ಯಾಟಿನ್ನಿನಲ್ಲಿ ರಾಜರ ಕತೆ ಬರೆದ. ಹೆಸರು ಎಲ್ಲಿಯೂ ಬರೆದುಕೊಳ್ಳಲಿಲ್ಲ. "ನಮ್ಮ ಹಾಗೆಯೇ," ಎನ್ನುತ್ತಿದ್ದರು ಪೊರ್ಬುಗಳು. "ಅವನಿಗೂ ಒಬ್ಬ ಕಫೀಲ್ ಇದ್ದ." ಕಫೀಲ್ ಎಂದರೆ ಇಲ್ಲಿ ನಮ್ಮನ್ನು ಕರೆಸಿಕೊಂಡು ಕೆಲಸಕ್ಕಿಟ್ಟ ಧಣಿ.

ಕತೆಗಳನ್ನು ಅವರು ಓದಿ ಹೇಳುತ್ತಿದ್ದರು. ಒಬ್ಬ ಅರಸನ ಮನೆಯ ಔತಣಕ್ಕೆ ಇಬ್ಬರು ಪರದೇಶಿಗಳು ಬರುತ್ತಾರೆ. ಅವರನ್ನು ಬಾಗಿಲಿನಿಂದಲೇ ಅಟ್ಟುತ್ತಾರೆ. ಅವರು ಒಬ್ಬ ಬಡ ಉಳುವವನ ಮನೆಗೆ ಹೋಗುತ್ತಾರೆ. ಅಲ್ಲಿ ಮಗನ ತಲೆಕೂದಲು ತೆಗೆಯುವ ಸಮಾರಂಭ. ಇದ್ದದ್ದನ್ನೇ ಬಡಿಸಿದರೆ ಆ ಊಟ ಮುಗಿಯುವುದೇ ಇಲ್ಲ. ಮುಂದೆ ಆ ಮಗನ ವಂಶವೇ ದೇಶ ಆಳುತ್ತದೆ. "ನಮ್ಮಲ್ಲೂ ಮಗು ಹುಟ್ಟಿದ ಏಳನೇ ದಿನ ಕೂದಲು ತೆಗೀಲಿಕ್ಕುಂಟು" ಎಂದು ನಾನು ಹೇಳಿದಾಗ ಅವರಿಗೆ ಆದ ಸಂತೋಷ ನೋಡಬೇಕಿತ್ತು. ಪುಟದ ಅಂಚಿನಲ್ಲಿ ಅದನ್ನೂ ಬರೆದುಕೊಂಡರು. ಮೂಲದಲ್ಲಿ ಆ ಮನೆಯಲ್ಲಿ ಬಿಯರ್ ಮತ್ತು ಹಂದಿ ಮಾಂಸ ಬಡಿಸುತ್ತಾರಂತೆ. ಪೊರ್ಬುಗಳ ಕನ್ನಡದಲ್ಲಿ ಅದು 'ಪಾನೀಯ' ಮತ್ತು 'ಅಡುಗೆ' ಆಗಿತ್ತು. ಎರಡೂ ನಿಷಿದ್ಧವೇನೋ ಹೌದು, ಆದರೆ ಈ ದೇಶದಲ್ಲಿ ಕನ್ನಡ ಯಾರು ಓದುತ್ತಾರೆ ಎಂದು ಕೇಳಿದೆ. "ನೀನು ಓದ್ತಿ ಅಲ್ವಾ" ಎಂದರು.

ಪರದೇಶಿಗಳನ್ನು ಅಟ್ಟಿದ ಅರಸನ ಗತಿ ಏನಾಯಿತೆಂದರೆ, ಅವನು ದೇಶ ಬಿಟ್ಟು ಓಡಿ ಒಂದು ದ್ವೀಪದ ಗೋಪುರದಲ್ಲಿ ಅಡಗಿದ, ಅಲ್ಲಿಗೂ ನೀರು ಈಜಿ ಇಲಿಗಳು ಬಂದು ಅವನನ್ನು ತಿಂದವು. ಮೊದಲನೆಯವನು ಇದನ್ನು ಕೆಲವೇ ಸಾಲಿನಲ್ಲಿ ಮುಗಿಸುತ್ತಾನೆ. ನೂರು ವರ್ಷದ ಮೇಲೆ ಬರೆದವನು, ಅರಸ ತನ್ನ ಚಿಕ್ಕಪ್ಪಂದಿರಿಗೆ ವಿಷ ಹಾಕಿದ್ದ, ಇಲಿಗಳು ಆ ಹೆಣಗಳಿಂದಲೇ ಹುಟ್ಟಿಬಂದವು ಎನ್ನುತ್ತಾನೆ. ಈ ಕತೆ ಹೇಳಿದ ಮಧ್ಯಾಹ್ನ ಪೊರ್ಬುಗಳು ಅರ್ಧ ಊಟ ಬಿಟ್ಟು ಡಬ್ಬಿ ಮುಚ್ಚಿದರು.

ಅವರ ಪ್ರಬಂಧ ಇದ್ದದ್ದು ಇಂಥದರ ಮೇಲೆಯೇ. ಒಬ್ಬ ರಾಜ ಒಬ್ಬ ಬಿಷಪನನ್ನು ಕೊಲ್ಲಿಸಿದ. ಮೂವರು ಇದನ್ನು ಬರೆದಿದ್ದಾರೆ. ನಾನೂರು ವರ್ಷದ ಮೇಲೆ ಬರೆದವನು ಎದುರಿಗೆ ನಿಂತು ನೋಡಿದ ಹಾಗೆ ಪುಟಗಟ್ಟಲೆ ಬರೆಯುತ್ತಾನೆ. ನೂರು ಚಿಲ್ಲರೆ ವರ್ಷದ ಮೇಲೆ ಬರೆದವನು ಸ್ವತಃ ಒಬ್ಬ ಬಿಷಪ್, ಅವನು ದೇಹ ಕತ್ತರಿಸಿದ್ದು, ಹದ್ದುಗಳು ಆ ತುಂಡುಗಳನ್ನು ಕಾದದ್ದು ಎಲ್ಲ ಹೇಳುತ್ತಾನೆ. ಕೊಲೆ ನಡೆದು ಮೂವತ್ತು ನಲವತ್ತು ವರ್ಷವಷ್ಟೇ ಆಗಿದ್ದಾಗ, ಅದೇ ರಾಜನ ತಮ್ಮನ ಮಗನ ಅರಮನೆಯಲ್ಲಿ ಕೂತು ಬರೆದ ಆ ಸನ್ಯಾಸಿ ಮಾತ್ರ, ಇದನ್ನು ಹೇಳಿದರೆ ಉದ್ದವಾಗುತ್ತದೆ ಎಂಬಂತೆ, ಎರಡೂ ಕಡೆಗೆ ಒಂದೊಂದು ಮಾತು ಹೇಳಿ ಮುಂದೆ ಹೋಗಿಬಿಡುತ್ತಾನೆ.

"ಹತ್ತಿರ ಇದ್ದವನಿಗೆ ಜಾಸ್ತಿ ಗೊತ್ತಿತ್ತು. ಅವನೇ ಕಡಿಮೆ ಬರೆದದ್ದು. ಯಾಕೆ?" ಎಂದು ನನ್ನನ್ನೇ ಕೇಳುತ್ತಿದ್ದರು. "ಅವನಿಗೆ ಹೆದರಿಕೆ ಇತ್ತು. ನಾನು ಬರೆದದ್ದು ಅಷ್ಟೇ. ಪರೀಕ್ಷೆಯ ದಿನ ಒಬ್ಬ ಮುದುಕ ಪ್ರೊಫೆಸರ್ ಕೇಳಿದ, ಅವನು ಹೆದರಿದ್ದ ಅಂತ ಎಲ್ಲಿ ಬರೆದದ್ದುಂಟು, ಆ ಸಾಲು ತೋರಿಸು ಅಂತ. ಎಲ್ಲಿಂದ ತೋರಿಸುದು? ಹೆದರಿಕೆ ಬರೆಯುದಿಲ್ಲ ಮಾರಾಯ, ಬರೆಯದೆ ಬಿಡ್ತದೆ. ಅದನ್ನು ಹೇಳ್ಲಿಕ್ಕೆ ಬಾಯಿ ತೆಗೆದೆ. ಐದು ಜನ ನನ್ನನ್ನೇ ನೋಡ್ತಾ ಇದ್ದರು. ಸ್ವರ ಬರ್ಲಿಲ್ಲ. ಎದ್ದು ಹೊರಗೆ ಬಂದೆ."

ಇನ್ನೊಂದು ಸಂಗತಿ ಅವರನ್ನು ಬಿಡದೆ ಕಾಡುತ್ತಿತ್ತು. ಆ ಸನ್ಯಾಸಿಗೆ ಆಶ್ರಯ ಕೊಟ್ಟ ಅರಸ ತನ್ನ ಅಣ್ಣನ ಕಣ್ಣು ಕೀಳಿಸಿದ್ದ. ಅರಮನೆಯಲ್ಲಿ ಎಲ್ಲರಿಗೂ ಗೊತ್ತು. ಸನ್ಯಾಸಿ ಅದನ್ನು ಸ್ಪಷ್ಟವಾಗಿ ಎಲ್ಲಿಯೂ ಬರೆಯುವುದಿಲ್ಲ. ಆದರೆ ಅರಸ ಎಷ್ಟು ದಿನ ಉಪವಾಸ ಮಾಡಿದ, ಬೂದಿಯಲ್ಲಿ ಹೇಗೆ ಮಲಗಿದ, ಪರದೇಶದ ಸಂತರ ಸಮಾಧಿಗೆ ಹೇಗೆ ಅಳುತ್ತ ಹೋದ ಎಂದು ಬಿಡದೆ ಬರೆಯುತ್ತಾನೆ. ಅರಸ ಓದಿದರೆ ತನ್ನ ಭಕ್ತಿಯನ್ನು ಹೊಗಳಿದ್ದಾನೆ ಎಂದುಕೊಳ್ಳಬೇಕು. ಬೇರೆಯವರು ಓದಿದರೆ, ಇಷ್ಟೊಂದು ಪ್ರಾಯಶ್ಚಿತ್ತ ಯಾತಕ್ಕೆ ಎಂದು ಕೇಳಬೇಕು. ಪೊರ್ಬುಗಳ ಅನುವಾದ ಈ ಜಾಗಕ್ಕೆ ಬಂದು ತಿಂಗಳುಗಟ್ಟಲೆ ನಿಂತಿತ್ತು.

ಅಷ್ಟರಲ್ಲಿ ಯಾರ್ಡಿನಲ್ಲಿ ಆ ದುರಂತ ನಡೆಯಿತು.

ಟ್ಯಾಂಕಿನೊಳಗೆ ಇಳಿಯುವ ಮೊದಲು ಒಳಗಿನ ಗಾಳಿಯನ್ನು ಮೀಟರಿನಿಂದ ಪರೀಕ್ಷಿಸಬೇಕು. ಪರೀಕ್ಷಿಸಿದ ಹೊತ್ತನ್ನು ಪರ್ಮಿಟ್ ಎಂಬ ಹಾಳೆಯಲ್ಲಿ ಬರೆಯಬೇಕು. ಒಬ್ಬ ಒಳಗಿರುವಷ್ಟು ಹೊತ್ತೂ ಇನ್ನೊಬ್ಬ ಟ್ಯಾಂಕಿನ ಬಾಯಿಯ ಹತ್ತಿರ ಕಾವಲು ನಿಂತಿರಬೇಕು. ಆ ದಿನ ಬೆಳಿಗ್ಗೆ ಪೇಶಾವರದ ಕಡೆಯ ಒಬ್ಬ ನಡುವಯಸ್ಸಿನ ಕೆಲಸಗಾರ ಒಳಗಿಳಿದು ಸ್ವಲ್ಪ ಹೊತ್ತಿಗೇ ಕುಸಿದುಬಿದ್ದ. ಕಾವಲಿಗಿದ್ದವನು ತೆಲಂಗಾಣದ ಯಾದಗಿರಿ. ಕೂಗಿದರೂ ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲವೆಂದು ಅವನು ಜನ ಕರೆಯಲು ಓಡಿದ. ಜನ ಬರುವಷ್ಟರಲ್ಲಿ ಒಳಗಿದ್ದವನು ತೀರಿಹೋಗಿದ್ದ. ಪೊಲೀಸರು ಬಂದು ಯಾದಗಿರಿಯನ್ನು ಕರೆದುಕೊಂಡು ಹೋದರು.

ಮಧ್ಯಾಹ್ನ ಪರ್ಮಿಟ್ ನಮ್ಮ ಕ್ಯಾಬಿನ್ನಿಗೆ ಬಂತು. ಪೊರ್ಬುಗಳು ಅದನ್ನು ತುಂಬ ಹೊತ್ತು ನೋಡಿ ನನ್ನ ಮುಂದೆ ಸರಿಸಿದರು. ಉಳಿದೆಲ್ಲ ಬರಹ ಕಪ್ಪು ಶಾಯಿಯಲ್ಲಿತ್ತು. ಗಾಳಿ ಪರೀಕ್ಷಿಸಿದ ಹೊತ್ತು ಮಾತ್ರ, ಆಮೇಲೆ ಸೇರಿಸಿದ ಹಾಗೆ, ನೀಲಿಯಲ್ಲಿತ್ತು. ನಮ್ಮಲ್ಲಿದ್ದ ಒಂದೇ ಮೀಟರನ್ನು ತಪಾಸಣೆಗಾಗಿ ಹೊರಗಿನ ಲ್ಯಾಬಿಗೆ ಕಳಿಸಿದ್ದು, ಅದು ಇನ್ನೂ ಮರಳಿ ಬಾರದ್ದು ನಮಗಿಬ್ಬರಿಗೂ ಗೊತ್ತಿತ್ತು. ಕಳಿಸಿದ ಚೀಟಿ ಬರೆದವನೇ ನಾನು.

ಯಾರ್ಡ್ ಮ್ಯಾನೇಜರ್ ಪೊರ್ಬುಗಳನ್ನು ಕರೆಸಿದರು. ಅವರ ಹಿಂದೆ ಫೈಲು ಹಿಡಿದು ನಾನೂ ಹೋದೆ.

"ನಿಮ್ಮ ಇಂಗ್ಲಿಷ್ ಒಳ್ಳೆಯದು, ವರದಿ ನೀವೇ ಬರೆಯಿರಿ" ಎಂದರು ಮ್ಯಾನೇಜರ್. "ಗಾಳಿ ಪರೀಕ್ಷೆ ಆಗಿತ್ತು. ಪರ್ಮಿಟ್ ಸರಿ ಇತ್ತು. ಕಾವಲಿನವನು ಜಾಗ ಬಿಟ್ಟು ಹೋಗಿದ್ದ. ಇಷ್ಟೇ, ಖಲಾಸ್. ನಿಮ್ಮ ಇಕಾಮಾ ಈ ತಿಂಗಳು ನವೀಕರಣಕ್ಕೆ ಬಂದಿದೆ ಅಲ್ಲವೇ?"

ಕೊನೆಯ ಮಾತನ್ನು ಅವರು ಕ್ಷೇಮ ವಿಚಾರಿಸುವ ಹಾಗೆ ಕೇಳಿದರು. ಪೊರ್ಬುಗಳು "ಯೆಸ್ ಸರ್" ಎಂದರು. ಹೊರಗೆ ಬಂದು ಮೆಟ್ಟಿಲ ಕಂಬಿ ಹಿಡಿದು ನಿಂತುಬಿಟ್ಟರು. ಅಂಗಿಯ ಬೆನ್ನು ಪೂರ್ತಿ ಒದ್ದೆ.

ಮೂರು ದಿನ ಬರೆದರು. ಹೇಳಿದ್ದನ್ನೇ ಬರೆದರು. ನಾನು ಓದಿದೆ, ಯಾದಗಿರಿ ಜಾಗ ಬಿಟ್ಟದ್ದು ಅದರಲ್ಲಿತ್ತು, ನೀಲಿ ಶಾಯಿಯ ಹೊತ್ತೂ ಇತ್ತು. ನನಗೆ ಬೇಸರವಾಯಿತು, ಜೊತೆಗೇ ಸಮಾಧಾನವೂ ಆಯಿತು. ಹೆಂಡತಿ ಮತ್ತು ಎರಡು ವರ್ಷದ ಮಗಳು ನನ್ನ ಇಕಾಮಾದ ಮೇಲೆಯೇ ಇಲ್ಲಿದ್ದರು.

ಕೊನೆಗೆ ಅವರು ಬಾಗಿಲ ಕಡೆ ನೋಡುತ್ತ ಹೇಳಿದರು, "ಲಗತ್ತುಗಳ ಪಟ್ಟಿ ಟೈಪ್ ಮಾಡು. ಹನ್ನೊಂದನೆಯದ್ದು ಮೀಟರಿನ ಸರ್ಟಿಫಿಕೇಟ್."

ಲ್ಯಾಬಿನಿಂದ ಆ ಸರ್ಟಿಫಿಕೇಟ್ ಬಂದು ಒಂದು ದಿನವಾಗಿತ್ತು. ಮೀಟರು ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ದೊಡ್ಡ ಅಕ್ಷರದಲ್ಲಿ ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಲ್ಯಾಬಿಗೆ ಬಂದ ದಿನ, ಅಲ್ಲಿಂದ ಹೊರಟ ದಿನ. ಸಾವು ನಡೆದದ್ದು ಆ ಎರಡು ದಿನಗಳ ನಡುವೆ.

"ಪೊರ್ಬುಗಳೇ, ಇದು ಬೇಡ."

"ಎಲ್ಲಾ ವರದಿಗೂ ಹಾಕ್ತೇವಲ್ಲ. ಇದಕ್ಕೂ ಹಾಕು."

"ಯಾರಾದ್ರೂ ಕೇಳಿದ್ರೆ?"

"ಯಾರಾದ್ರೂ ಕೇಳ್ಬೇಕು ಅಂತಲೇ."

ನಾನು ಟೈಪ್ ಮಾಡಿದೆ. 'ಹನ್ನೊಂದು' ಎಂಬಲ್ಲಿ ಬೆರಳು ಮೂರು ಸಲ ತಪ್ಪಿತು. ಮ್ಯಾನೇಜರ್ ಹಾಳೆ ಮಗುಚುತ್ತ ಸರ್ಟಿಫಿಕೇಟಿನ ಮೇಲಿನ ಮುದ್ರೆ ನೋಡಿ ತಲೆದೂಗಿದರು. "ಇದನ್ನು ಸೇರಿಸಿದ್ದು ಒಳ್ಳೆಯದಾಯಿತು. ಮೀಟರು ಸರಿ ಇತ್ತು ಅಂತ ಗೊತ್ತಾಗುತ್ತದೆ" ಎಂದು ಸಹಿ ಹಾಕಿದರು.

ಆಮೇಲಿನ ವಾರಗಳನ್ನು ನಾನು ಮರೆಯಲಾರೆ. ಕ್ಯಾಬಿನ್ನಿನ ಹೊರಗೆ ಜಲ್ಲಿಕಲ್ಲಿನ ಮೇಲೆ ಬೂಟಿನ ಸದ್ದಾದರೆ ಇಬ್ಬರ ಕೈಯೂ ನಿಲ್ಲುತ್ತಿತ್ತು. ಮನೆಯಲ್ಲಿ ಮಗಳು ಆಟದ ಫೋನು ಬಾರಿಸಿದರೂ ನಾನು ಬೆಚ್ಚುತ್ತಿದ್ದೆ. ಏನಾಯಿತೆಂದು ಹೆಂಡತಿ ಕೇಳಿದರೆ ಕೆಲಸ ಜಾಸ್ತಿ ಎನ್ನುತ್ತಿದ್ದೆ. ಪೊರ್ಬುಗಳು ನೋಟ್‌ಬುಕ್ ತರುವುದನ್ನು ನಿಲ್ಲಿಸಿದ್ದರು. ಊಟದ ಹೊತ್ತಿಗೆ ಇಬ್ಬರೂ ಸುಮ್ಮನೆ ಗೋಡೆ ನೋಡುತ್ತ ಉಣ್ಣುತ್ತಿದ್ದೆವು. ಒಮ್ಮೆ ಮಾತ್ರ, "ಆ ಸನ್ಯಾಸಿ ಮುಂದೆ ಎಂತ ಆದ ಅಂತ ಗೊತ್ತಿಲ್ಲ. ಅವನ ಪುಸ್ತಕ ನಡುವಿನಲ್ಲೇ ನಿಂತಿದೆ" ಎಂದರು. ನಾನು ಅನ್ನ ಬಿಟ್ಟು ಎದ್ದೆ.

ಐದನೆಯ ವಾರ ಯಾದಗಿರಿ ಬಿಡುಗಡೆಯಾದ. ತನಿಖೆಗೆ ಬಂದಿದ್ದ ಅಧಿಕಾರಿಯೊಬ್ಬರು, ಲ್ಯಾಬಿನಲ್ಲಿದ್ದ ಮೀಟರಿನಿಂದ ಇಲ್ಲಿಯ ಗಾಳಿ ಪರೀಕ್ಷಿಸಿದ್ದು ಹೇಗೆ ಎಂದು ಕೇಳಿದರಂತೆ. ಆ ಪ್ರಶ್ನೆಯ ಮೇಲೆ ಎಲ್ಲ ಬಿಚ್ಚಿಕೊಂಡಿತು. ಊರಿಗೆ ಹೊರಡುವ ಮೊದಲು ಯಾದಗಿರಿ ತನ್ನ ಕಾಗದಪತ್ರಕ್ಕಾಗಿ ನಮ್ಮಲ್ಲಿಗೆ ಬಂದ. ಇಳಿದುಹೋಗಿದ್ದ, ಕೆನ್ನೆಯ ಮೂಳೆ ಕಾಣುತ್ತಿತ್ತು. ಚಹಾ ಕುಡಿಯುತ್ತ ಹಿಂದಿಯಲ್ಲಿ, "ನಾನು ಓಡಿದ್ದು ತಪ್ಪಾ ಸಾಬ್? ನಿಂತಿದ್ದರೆ ಅವನು ಬದುಕುತ್ತಿದ್ದನಾ?" ಎಂದು ಕೇಳಿದ. ಪೊರ್ಬುಗಳು, "ಇಲ್ಲ. ನೀನು ಮಾಡಿದ್ದು ಸರಿ" ಎಂದರು. ಅವನ ಬಿಡುಗಡೆಗೆ ಕಾರಣ ಯಾರೆಂದು ಅವನಿಗೆ ಇಂದಿಗೂ ಗೊತ್ತಿರಲಾರದು.

ಮರುದಿನ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಒಬ್ಬನನ್ನೇ ಕರೆಸಿದರು. ಮೇಜಿನ ಮೇಲೆ ಹನ್ನೊಂದನೆಯ ಲಗತ್ತು ಇತ್ತು. ಪಕ್ಕದಲ್ಲಿ ನನ್ನ ಇಕಾಮಾದ ಪ್ರತಿ, ಅದರ ಕೆಳಗೆ ಹೆಂಡತಿ ಮಗಳ ಪ್ರತಿಗಳೂ.

"ಇದನ್ನು ಹಾಕಿದ್ದು ಯಾರು?"

ಪಟ್ಟಿ ಟೈಪ್ ಮಾಡಿದ್ದು ನಾನು. ಎಲ್ಲ ವರದಿಗೂ ಹಾಕುತ್ತೇವೆ ಸರ್ ಎಂದು ಹೇಳಬಹುದಿತ್ತು. ಪೊರ್ಬುಗಳು ಆ ಉತ್ತರವನ್ನು ನನ್ನ ಕೈಗೇ ಕೊಟ್ಟಿದ್ದರು. ನಾನು ಮಗಳ ಪುಟ್ಟ ಫೋಟೋ ನೋಡಿದೆ. ಅವರ ಹೆಸರು ಹೇಳಿದೆ. ನಾನು ಬೇಡವೆಂದಿದ್ದೆ ಎಂಬುದನ್ನೂ ಸೇರಿಸಿದೆ. ಅದನ್ನು ಯಾರೂ ಕೇಳಿರಲಿಲ್ಲ.

ಇಳಿದು ಬರುವಾಗ ಪೊರ್ಬುಗಳು ಮೆಟ್ಟಿಲು ಹತ್ತುತ್ತಿದ್ದರು. ಅವರಿಗೂ ಕರೆ ಹೋಗಿತ್ತು. ಇಕ್ಕಟ್ಟಾದ ಮೆಟ್ಟಿಲು, ಒಬ್ಬರು ಪಕ್ಕಕ್ಕೆ ಸರಿಯಲೇಬೇಕು. ನಾನು ಸರಿದೆ. ಅವರ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ತುಟಿ ಏನನ್ನೋ ಬಾಯಿಪಾಠ ಮಾಡುವ ಹಾಗೆ ಅಲ್ಲಾಡುತ್ತಿತ್ತು. ನನ್ನನ್ನು ನೋಡಲಿಲ್ಲ.

ಎರಡು ವಾರದಲ್ಲಿ ಅವರ ಕೆಲಸ ಹೋಯಿತು. ಮ್ಯಾನೇಜರನ್ನೂ ಕಂಪನಿ ಆಮೇಲೆ ತೆಗೆದುಹಾಕಿತು. ಅಷ್ಟರಲ್ಲಿ ಪೊರ್ಬುಗಳನ್ನು ಊರಿಗೆ ಕಳಿಸುವ ಕಾಗದಗಳಿಗೆ ಸಹಿ ಬಿದ್ದಾಗಿತ್ತು. ಆ ಎರಡು ವಾರ ನಾನು ಊಟದ ಹೊತ್ತಿಗೆ ಏನಾದರೂ ನೆವ ಹೇಳಿ ಹೊರಗೆ ಹೋಗುತ್ತಿದ್ದೆ. ಕೊನೆಯ ದಿನ ಅವರೇ ಫೋನ್ ಮಾಡಿದರು. "ನಿನ್ನ ಕಾರುಂಟಲ್ಲ? ಏರ್‌ಪೋರ್ಟಿಗೆ ಬಿಡ್ತೀಯಾ? ಎರಡು ಗಂಟೆಗೆ ಹೊರಟರೆ ಆಯ್ತು."

ದಾರಿಯುದ್ದಕ್ಕೂ ಮರಳು, ಬೇಲಿಯಾಚೆ ಒಂಟೆಗಳು, ಎದುರು ಗಾಜಿಗೆ ಬಡಿಯುವ ಬಿಸಿಲು. ಹೇಳಬೇಕಾದ ಮಾತು ಮೂರು ಸಲ ನಾಲಗೆಯ ತುದಿಗೆ ಬಂತು. ಮೂರು ಸಲವೂ ನಾನು ಗೇರು ಬದಲಿಸಿದೆ. ಅವರಿಗೆ ಬೇರೆಯೇ ಚಿಂತೆ ಇದ್ದಂತಿತ್ತು. ಸಾವಿನ ಪ್ರಕರಣದಲ್ಲಿ ತನ್ನ ಹೆಸರೂ ಸೇರಿ, ದೇಶ ಬಿಡದ ಹಾಗೆ ತಡೆ ಹಾಕಿದ್ದರೆ ಕೌಂಟರಿನಲ್ಲೇ ತಿಳಿಯುವುದು. ಕಿಸೆಯ ಪಾಸ್‌ಪೋರ್ಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಒಳಗೆ ತಪಾಸಣೆಯವನೊಬ್ಬ ಅವರ ಕೈಚೀಲ ತೆರೆಸಿದ. ಹನ್ನೆರಡು ನೋಟ್‌ಬುಕ್‌ಗಳು. ಒಂದನ್ನು ಬಿಡಿಸಿ, ತಿರುಗಿಸಿ, ಇನ್ನೊಬ್ಬನನ್ನು ಕರೆದ. ಇದು ಏನೆಂದು ಅರಬಿಯಲ್ಲಿ ಕೇಳಿದ.

"ತಾರೀಖ್," ಎಂದರು ಪೊರ್ಬುಗಳು. ಅರಬಿಯಲ್ಲಿ ಚರಿತ್ರೆ ಎಂದರ್ಥ.

"ಯಾವ ದೇಶದ್ದು? ಹಿಂದೂಸ್ತಾನದ್ದೇ?"

"ಇಲ್ಲ. ಪೋಲೆಂಡಿನದು."

ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಕಿರಿಯವನು ನೋಟ್‌ಬುಕ್ ಮುಚ್ಚಿ, ಎರಡು ಕೈಯಲ್ಲಿ ಹಿಡಿದು ವಾಪಸು ಕೊಟ್ಟು, ವಯಸ್ಸಾದವರನ್ನೆಲ್ಲ ಅಲ್ಲಿ ಕರೆಯುವ ಹಾಗೆ, "ಯಲ್ಲಾ ಹಾಜಿ, ಹೋಗಿ" ಎಂದ.

ಅಲ್ಲಿಂದ ಮುಂದೆ ನನಗೆ ಪ್ರವೇಶವಿರಲಿಲ್ಲ. ಪೊರ್ಬುಗಳು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು. ನನ್ನ ಮೊಣಕೈ ಹಿಡಿದರು. "ಒಂದು ಮಾತು ಹೇಳ್ಲಿಕ್ಕುಂಟು ಮಾರಾಯ" ಎಂದರು. ಈಗ ಕೇಳುತ್ತಾರೆ ಅಂದುಕೊಂಡೆ. ಅವರು ಮೊಣಕೈ ಬಿಟ್ಟು, "ಇರ್ಲಿ, ಊರಿಗೆ ಹೋಗಿ ಫೋನ್ ಮಾಡ್ತೇನೆ" ಎಂದು ಹೊರಟುಹೋದರು. ಗಾಜಿನಾಚೆ ಕೌಂಟರಿನ ಮುಂದೆ ಅವರು ತುಂಬ ಹೊತ್ತು ನಿಂತಿದ್ದರು. ಅಧಿಕಾರಿ ಪರದೆ ನೋಡಿದ, ಯಾರಿಗೋ ಫೋನ್ ಮಾಡಿದ, ಮತ್ತೆ ಪರದೆ ನೋಡಿದ. ಕೊನೆಗೆ ಮುದ್ರೆ ಒತ್ತಿದ. ಪೊರ್ಬುಗಳು ಒಳಗೆ ಸರಿದರು.

ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಊರಿಗೆ ನಾಲ್ಕು ಸಲ ಹೋಗಿ ಬಂದೆ. ಅವರ ಮನೆಯಿದ್ದ ರಸ್ತೆಯನ್ನು ತಪ್ಪಿಸಿ ಬೇರೆ ದಾರಿಯಲ್ಲಿ ಮಂಗಳೂರು ದಾಟುತ್ತಿದ್ದೆ. ಅವರು ನನ್ನನ್ನು ಕ್ಷಮಿಸಿಲ್ಲ, ಅದಕ್ಕೇ ಸುಮ್ಮನಿದ್ದಾರೆ ಎಂದು ಏಳು ವರ್ಷ ನಂಬಿದ್ದೆ.

ಸುದ್ದಿ ಬಂದು ಮೂರು ದಿನ ಕಳೆದ ಮೇಲೆ ಅವರ ಹೆಂಡತಿಯ ನಂಬರು ಸಂಪಾದಿಸಿ ಫೋನ್ ಮಾಡಿದೆ. ನನ್ನ ಹೆಸರು ಹೇಳಿದೆ.

"ನೀವಾ?" ಎಂದರು. "ನಿಮ್ಮ ವಿಷಯ ಅವರು ಯಾವಾಗ್ಲೂ ಹೇಳ್ತಿದ್ರು."

"ಬಾಯಮ್ಮ, ಆ ದಿನ ಮ್ಯಾನೇಜರ ಹತ್ತಿರ ನಾನು…"

"ಗೊತ್ತುಂಟು. ನೀವು ಮೊದಲು ಹೋಗಿದ್ರಿ. ಮೆಟ್ಟಿಲು ಹತ್ತುವಾಗ ಇವರೂ ಒಂದು ವಾಕ್ಯ ರೆಡಿ ಮಾಡಿಟ್ಟಿದ್ರಂತೆ. ಪಟ್ಟಿ ಟೈಪ್ ಮಾಡಿದ್ದು ಆ ಹುಡುಗ, ನನಗೆ ಗೊತ್ತಿಲ್ಲ ಅಂತ. ಮೇಲೆ ಹೋದಾಗ ಮ್ಯಾನೇಜರ್ ಕೇಳ್ಲೇ ಇಲ್ಲ, ನೀವು ಹೇಳಿ ಆಗಿತ್ತಲ್ಲ. ಮ್ಯಾನೇಜರ್ ಕೇಳಿದ್ದಿದ್ರೆ, ಅವನಿಗೆ ಹೆಂಡ್ತಿ ಮಗು ಉಂಟು ಅಂತ ಗೊತ್ತಿದ್ದೂ ನಾನು ಅವನ ಹೆಸರೇ ಹೇಳ್ತಿದ್ದೆ ಅಂತ ಹೇಳಿ ಅಳ್ತಿದ್ರು. ನಿಮಗೆ ಫೋನ್ ಮಾಡಿ ಅಂತ ಎಷ್ಟು ಸಲ ಹೇಳಿದೆ. ನಂಬರ್ ಒತ್ತಿ ಇಟ್ಟುಬಿಡ್ತಿದ್ರು. ಅವರಿಗೆ ಧೈರ್ಯ ಆಗ್ಲಿಲ್ಲ."

ಆಮೇಲೆ ಅವರೇ ಮೆಲ್ಲನೆ ಕೇಳಿದರು, "ನಿಮಗೂ ಧೈರ್ಯ ಆಗ್ಲಿಲ್ಲ ಅಲ್ವಾ?"

"ಇಲ್ಲ ಬಾಯಮ್ಮ" ಎಂದೆ. "ನನಗೂ ಆಗ್ಲಿಲ್ಲ."